ಕೊಂಡವರ ಕಡೆಯಿಂದ ಫೋಕ್ಸ್‌ವ್ಯಾಗನ್

(ನಮ್ಮ ಊರಿನ ಓದುಗರ ಬಳಗದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಕೆಲವು ಕಡೆ ಸ್ವಲ್ಪ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಫೋಟೋ ಕೊಡುತ್ತೇನೆ. ಮುಂದಿನ ಸಾಲಿನವರು ನೋಡಿ ಹಿಂದಕ್ಕೆ ದಾಟಿಸಿ. ಇದು ಕಾರಿನ ಫೋಟೋ ಅಲ್ಲ. ಫೋಕ್ಸ್‌ವ್ಯಾಗನ್ ಕಾರು ಕೊಳ್ಳಲು ದುಡ್ಡು ಕೂಡಿಡುವ, ಜರ್ಮನಿಯ ಒಂದು ಉಳಿತಾಯದ ಕಾರ್ಡು. ಎರಡನೇ ಮಹಾಯುದ್ಧ ಶುರುವಾಗುವ ಹೊತ್ತಿನದು. ಒಳಗೆ ಸಾಲಾಗಿ ಚೌಕಗಳಿವೆ, ನೋಡಿ. ಪ್ರತಿ ಚೌಕದಲ್ಲೂ ಅಂಚೆಚೀಟಿಯಂಥ ಒಂದು ಸ್ಟಾಂಪು. ಒಂದು ಸ್ಟಾಂಪಿಗೆ 5 ರೈಷ್‌ಮಾರ್ಕ್, ಅಂದರೆ ಆಗಿನ ಜರ್ಮನ್ ದುಡ್ಡು. ವಾರಕ್ಕೊಂದು ಸ್ಟಾಂಪು ಕೊಂಡು ಅಂಟಿಸುತ್ತಾ ಹೋಗಬೇಕು. ಕಾರಿನ ಬೆಲೆ 990 ಮಾರ್ಕ್. ಲೆಕ್ಕ ಹಾಕಿ. 198 ವಾರ. ಒಂದು ವಾರವೂ ತಪ್ಪಿಸದೆ ಕಟ್ಟಿದರೆ ನಾಲ್ಕು ವರ್ಷಕ್ಕೆ ಸ್ವಲ್ಪ ಕಡಿಮೆ. ಅದರ ಮೇಲೆ ಇನ್ಶೂರೆನ್ಸ್ ದುಡ್ಡು ಬೇರೆ.

ಸುಮಾರು 3,36,000 ಜನ ಹೀಗೆ ಕಟ್ಟಿದರು. ಅವರಲ್ಲಿ ಒಬ್ಬರಿಗೂ ಕಾರು ಸಿಗಲಿಲ್ಲ.

ನಮ್ಮಲ್ಲಿ ಚೀಟಿ ಹಾಕಿ ಗೊತ್ತಿರುವವರಿಗೆ ಇದರ ನೋವು ಬಿಡಿಸಿ ಹೇಳಬೇಕಾಗಿಲ್ಲ. ಮನೆಯ ಖರ್ಚು ಹಿಡಿದು, ಹಬ್ಬದ ಬಟ್ಟೆ ಮುಂದೆ ಹಾಕಿ ಕಟ್ಟಿದ ದುಡ್ಡು ಅದು.

ನಾನು ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ವಿಭಾಗದಲ್ಲಿ ಪಾಠ ಮಾಡಿದವನು. ಇಂಜಿನ್, ಗೇರ್‌ಬಾಕ್ಸ್, ಬ್ರೇಕು, ಇವೇ ನನ್ನ ಬದುಕು. ಅಷ್ಟೂ ವರ್ಷ ಕಾರಿನ ಕಥೆಯನ್ನು ಮಾಡಿದವರ ಕಡೆಯಿಂದಲೇ ಹೇಳಿದೆ. ಯಾರು ಡಿಸೈನ್ ಮಾಡಿದರು, ಯಾವ ವರ್ಷ, ಎಷ್ಟು ಸಿಸಿ. ರಿಟೈರ್ ಆದಮೇಲೆ ಬರ್ಲಿನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅಲ್ಲಿಂದ ರೈಲಿನಲ್ಲಿ ಒಂದು ಗಂಟೆ ಹೋದರೆ ವೋಲ್ಫ್ಸ್‌ಬುರ್ಗ್. ಫೋಕ್ಸ್‌ವ್ಯಾಗನ್‌ನ ತವರು. ಆ ಊರು ನೋಡಿ ಬಂದಮೇಲೆ ನನಗೆ ಬೇರೆ ಪ್ರಶ್ನೆ ಹಿಡಿಯಿತು. ದುಡ್ಡು ಕೊಟ್ಟವರಿಗೆ ಏನು ಸಿಕ್ಕಿತು? ಆ ಪ್ರಶ್ನೆ ಇಟ್ಟುಕೊಂಡೇ ಇವತ್ತು ಮಾತಾಡುತ್ತೇನೆ.

ಫೋಕ್ಸ್‌ವ್ಯಾಗನ್ ಅಂದರೆ ಜರ್ಮನ್ ಭಾಷೆಯಲ್ಲಿ ಜನರ ಗಾಡಿ. ಈ ಮಾತು ಹಿಟ್ಲರ್‌ನದ್ದಲ್ಲ. ಅವನಿಗಿಂತ ಮುಂಚೆಯೇ ಜರ್ಮನಿಯಲ್ಲಿ ಅದು ಚಾಲ್ತಿಯಲ್ಲಿತ್ತು. ಸಾಮಾನ್ಯರೂ ಕೊಳ್ಳಬಹುದಾದ ಸಣ್ಣ ಕಾರು ಬೇಕು ಎಂದು ಎಷ್ಟೋ ಇಂಜಿನಿಯರ್‌ಗಳು ತಲೆ ಕೆಡಿಸಿಕೊಂಡಿದ್ದರು. ಜೆಕೊಸ್ಲೊವಾಕಿಯಾದ ಟಾಟ್ರಾ ಕಂಪನಿಯ ಹಾನ್ಸ್ ಲೆಡ್‌ವಿಂಕಾ ಗಾಳಿಯಿಂದಲೇ ತಣ್ಣಗಾಗುವ ಇಂಜಿನ್ನನ್ನು ಹಿಂದುಗಡೆ ಇಟ್ಟು ಕಾರು ಮಾಡಿ ತೋರಿಸಿದ್ದರು. ಯೋಸೆಫ್ ಗಾನ್ಸ್ ಎಂಬ ಯಹೂದಿ ಇಂಜಿನಿಯರ್ ಸಣ್ಣ ಕಾರಿಗಾಗಿ ಪತ್ರಿಕೆಯಲ್ಲಿ ಬರೆದು ಬರೆದು ಜಗಳವಾಡಿದ್ದರು, ತಾವೇ ಮಾದರಿಗಳನ್ನೂ ಕಟ್ಟಿದ್ದರು. 1933ರಲ್ಲಿ ನಾಜಿಗಳು ಅವರನ್ನು ಬಂಧಿಸಿದರು. ಆಮೇಲೆ ಅವರು ದೇಶ ಬಿಟ್ಟರು. 1967ರಲ್ಲಿ ಆಸ್ಟ್ರೇಲಿಯಾದಲ್ಲಿ ತೀರಿಕೊಂಡರು. ನಾನು ಪಾಠ ಮಾಡುವಾಗ ಒಮ್ಮೆಯೂ ಅವರ ಹೆಸರು ಹೇಳಿರಲಿಲ್ಲ. ಅದಕ್ಕೇ ಇವತ್ತು ಹೇಳುತ್ತಿದ್ದೇನೆ.

1934ರ ಜೂನ್‌ನಲ್ಲಿ ಇಂಜಿನಿಯರ್ ಫರ್ಡಿನಾಂಡ್ ಪೋರ್ಷೆಗೆ ಇಂಥ ಕಾರು ವಿನ್ಯಾಸ ಮಾಡುವ ಕೆಲಸ ಒಪ್ಪಿಸಿದರು. ಇಬ್ಬರು ದೊಡ್ಡವರು, ಮೂರು ಮಕ್ಕಳು ಕೂರಬೇಕು. ಹೊಸ ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರ್ ಓಡುತ್ತಲೇ ಇರಬೇಕು. ಬೆಲೆ ಸಾವಿರ ಮಾರ್ಕ್ ಒಳಗೆ. ಉಳಿದ ಕಾರು ಕಂಪನಿಗಳಿಗೆ ಆ ಬೆಲೆ ನಂಬಲು ಆಗಲೇ ಇಲ್ಲ. ಕೊನೆಗೆ ಸರ್ಕಾರದ ಕಾರ್ಮಿಕ ಸಂಘಟನೆಯೇ ಯೋಜನೆಯನ್ನು ಕೈಗೆತ್ತಿಕೊಂಡಿತು. 1937ರ ಮೇ 28ರಂದು ಕಂಪನಿ ಹುಟ್ಟಿತು. ಮುಂದಿನ ವರ್ಷ ಮೇ 26ಕ್ಕೆ ಫಾಲರ್ಸ್‌ಲೇಬೆನ್ ಎಂಬ ಊರಿನ ಪಕ್ಕ, ಕಾಲುವೆ ದಂಡೆಯಲ್ಲಿ ಕಾರ್ಖಾನೆಗೆ ಅಡಿಗಲ್ಲು ಬಿತ್ತು. ಆಮೇಲೆ ಶುರುವಾದದ್ದೇ ಈ ಸ್ಟಾಂಪು ಅಂಟಿಸುವ ಯೋಜನೆ.

1939ರ ಸೆಪ್ಟೆಂಬರ್‌ನಲ್ಲಿ ಯುದ್ಧ. ಕಾರ್ಖಾನೆ ಜನರ ಕಾರು ಬಿಟ್ಟು ಸೈನ್ಯದ ಜೀಪು ಮಾಡಲು ನಿಂತಿತು. ಕ್ಯೂಬೆಲ್‌ವ್ಯಾಗನ್ ಅಂತ ಅದರ ಹೆಸರು. ಜನ ಮಾತ್ರ ಸ್ಟಾಂಪು ಕೊಳ್ಳುತ್ತಲೇ ಇದ್ದರು. ಯುದ್ಧ ಬೇಗ ಮುಗಿಯುತ್ತೆ, ಆಮೇಲೆ ಕಾರು ಬರುತ್ತೆ ಎಂದು ನಂಬಿದ್ದರು.

ಇಲ್ಲಿ ಇನ್ನೊಂದು ವಿಷಯ ಇದೆ. ಇದನ್ನು ದಾಟಿ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಆ ಕಾರ್ಖಾನೆಯಲ್ಲಿ ಯುದ್ಧದ ವರ್ಷಗಳಲ್ಲಿ ಸುಮಾರು 20,000 ಜನರನ್ನು ಬಲವಂತವಾಗಿ ದುಡಿಸಿದರು. ಪೋಲೆಂಡ್, ಸೋವಿಯತ್ ಒಕ್ಕೂಟ, ಫ್ರಾನ್ಸ್, ಇಟಲಿಯಿಂದ ಹಿಡಿದು ತಂದವರು, ಯುದ್ಧಕೈದಿಗಳು, ಕಾನ್ಸಂಟ್ರೇಶನ್ ಕ್ಯಾಂಪಿನ ಕೈದಿಗಳು. ಅಲ್ಲಿ ದುಡಿಯುತ್ತಿದ್ದ ಹೆಂಗಸರಿಗೆ ಮಗು ಹುಟ್ಟಿದರೆ ತಾಯಿಯಿಂದ ಕಿತ್ತುಕೊಂಡು ಬೇರೆ ಮನೆಯಲ್ಲಿ ಇಡುತ್ತಿದ್ದರು. ರ‍್ಯೂಯೆನ್ ಎಂಬ ಹಳ್ಳಿಯ ಅಂಥ ಮನೆಯಲ್ಲಿ 350ಕ್ಕೂ ಹೆಚ್ಚು ಹಸುಗೂಸುಗಳು ಸತ್ತವು. ಆರೈಕೆ ಇಲ್ಲದೆ, ಸೋಂಕು ತಗುಲಿ, ಹಸಿದು. ಅದರ ಹೊಣೆ ಹೊತ್ತಿದ್ದ ಕಾರ್ಖಾನೆಯ ವೈದ್ಯನಿಗೆ ಯುದ್ಧ ಮುಗಿದಮೇಲೆ ಬ್ರಿಟಿಷ್ ಮಿಲಿಟರಿ ಕೋರ್ಟು ಮರಣದಂಡನೆ ಕೊಟ್ಟಿತು.

ಕಂಪನಿ ಬಹಳ ಕಾಲ ಈ ಬಗ್ಗೆ ಬಾಯಿ ಬಿಡಲಿಲ್ಲ. 1986ರಲ್ಲಿ ಇತಿಹಾಸಕಾರ ಹಾನ್ಸ್ ಮಾಮ್‌ಸೆನ್ ಅವರಿಗೆ ಸಂಶೋಧನೆ ಒಪ್ಪಿಸಿತು. ಅದು ಪುಸ್ತಕವಾಗಿ ಬಂದದ್ದು 1996ರಲ್ಲಿ. 1998ರಲ್ಲಿ ಬದುಕಿ ಉಳಿದವರಿಗೆ ಒಂದು ನಿಧಿ ತೆಗೆದಿಟ್ಟರು. ಮರುವರ್ಷ ಕಾರ್ಖಾನೆಯ ಒಳಗಿನ ಹಳೆಯ ಬಾಂಬ್ ಆಸರೆಯಲ್ಲೇ ಸ್ಮಾರಕ ಮಾಡಿದರು. ತಡವಾಯಿತು, ನಿಜ. ಆದರೂ ಮಾಡಿದ್ದು ಒಳ್ಳೆಯದಾಯಿತು ಎಂದೇ ನಾನು ಹೇಳುತ್ತೇನೆ.

1945ರ ಏಪ್ರಿಲ್‌ನಲ್ಲಿ ಅಮೆರಿಕದ ಸೈನ್ಯ ಬಂತು. ಮೇ 25ಕ್ಕೆ ಊರಿಗೆ ವೋಲ್ಫ್ಸ್‌ಬುರ್ಗ್ ಎಂಬ ಹೆಸರು ಬಂತು. ಪಕ್ಕದಲ್ಲೇ ಇದ್ದ ಹಳೆಯ ಕೋಟೆಯ ಹೆಸರು ಅದು. ಬೇಸಿಗೆಯಲ್ಲಿ ಊರು ಬ್ರಿಟಿಷರ ಕೈಗೆ ಹೋಯಿತು. ಆಗಸ್ಟ್‌ನಲ್ಲಿ ಮೇಜರ್ ಐವನ್ ಹರ್ಸ್ಟ್ ಬಂದರು. ವಯಸ್ಸು 29. ಯಾರ್ಕ್‌ಷೈರ್‌ನವರು, ಮನೆತನದ ಕಸುಬು ಗಡಿಯಾರದ್ದು. ಈ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಮನುಷ್ಯ ಇವರೇ.

ಅವರು ಬಂದಾಗ ಛಾವಣಿ ಹಾರಿಹೋಗಿತ್ತು. ಚರಂಡಿ ಕಟ್ಟಿಕೊಂಡು ನೆಲದಲ್ಲಿ ನೀರು. ಯಾರಿಗೂ ಬೇಡವಾದ ಕಾರ್ಖಾನೆ. ಹರ್ಸ್ಟ್ ಮೊದಲು ಚರಂಡಿ ಬಿಡಿಸಿದರು. ಉಳಿದಿದ್ದ ಒಂದು ಹಳೆಯ ಕಾರಿಗೆ ಹಸಿರು ಬಣ್ಣ ಬಳಿಸಿ ಮೇಲಿನ ಅಧಿಕಾರಿಗಳಿಗೆ ಕಳಿಸಿದರು. ಬ್ರಿಟಿಷ್ ಸೈನ್ಯಕ್ಕೆ ಆಗ ಓಡಾಡಲು ಗಾಡಿ ಬೇಕಿತ್ತು. 20,000 ಕಾರಿಗೆ ಆರ್ಡರ್ ಬಂತು. ಆ ಒಂದು ಆರ್ಡರ್ ಬರದಿದ್ದರೆ ಮೆಶಿನ್ನುಗಳನ್ನೆಲ್ಲ ಬಿಚ್ಚಿ ಯುದ್ಧದ ಪರಿಹಾರವಾಗಿ ಹೊರಗೆ ಸಾಗಿಸುತ್ತಿದ್ದರು. 1945ರ ಡಿಸೆಂಬರ್ 27ರಂದು ಕಾರುಗಳು ಸಾಲಾಗಿ ತಯಾರಾಗಲು ಶುರುವಾದವು. ಬ್ರಿಟನ್ನಿನ ಕಾರು ಕಂಪನಿಗಳು ಬಂದು ನೋಡಿ ಇದು ನಡೆಯೋ ಗಾಡಿ ಅಲ್ಲ ಎಂದು ಬಿಟ್ಟು ಹೋದವು.

ಹರ್ಸ್ಟ್ ಗುಣಮಟ್ಟ ನೋಡುವ ವ್ಯವಸ್ಥೆ ತಂದರು, ಸರ್ವೀಸ್ ವಿಭಾಗ ಶುರು ಮಾಡಿದರು. ಆಮೇಲೆ ಮುಖ್ಯಸ್ಥರಾಗಿ ಹೈನ್ಸ್ ನೋರ್ಡ್‌ಹಾಫ್ ಬಂದರು, 1948ರ ಜನವರಿ 1ಕ್ಕೆ. ಅವರು ಹಿಂದೆ ಓಪೆಲ್‌ನಲ್ಲಿದ್ದವರು. ಮುಂದೆ ಇಪ್ಪತ್ತು ವರ್ಷ ಅವರದೇ ಕಾಲ. ಸ್ಪೇರ್ ಪಾರ್ಟ್ಸ್, ಕಲಿತ ಮೆಕ್ಯಾನಿಕ್ ಇಲ್ಲದ ಊರಿನಲ್ಲಿ ಕಾರು ಮಾರಬಾರದು ಎಂಬುದು ಅವರ ಹಟ. ಅಮೆರಿಕದಲ್ಲಿ ಬೇರೆ ಯುರೋಪಿಯನ್ ಸಣ್ಣ ಕಾರುಗಳು ಸೋತು ಇದು ಗೆಲ್ಲಲು ಈ ಹಟ ಒಂದು ದೊಡ್ಡ ಕಾರಣ. ಇದನ್ನು ನನ್ನ ವಿದ್ಯಾರ್ಥಿಗಳಿಗೆ ಎಷ್ಟು ಸಲ ಹೇಳಿದರೂ ಸಾಲದು. ಶೋರೂಮಿನ ದೀಪಕ್ಕಿಂತ ಗ್ಯಾರೇಜಿನ ದೀಪ ಮುಖ್ಯ.

ಈಗ ಬೀಟಲ್ ಬಗ್ಗೆ. ಇದೇ ಕಾರಿಗೆ ಜನ ಇಟ್ಟ ಹೆಸರು ಅದು. ಅದನ್ನು ಇಟ್ಟುಕೊಂಡಿದ್ದವರು ಏನು ಹೇಳುತ್ತಿದ್ದರು?

ಮೊದಲನೆಯದಾಗಿ, ಈ ಕಾರಿಗೆ ನೀರೇ ಬೇಡ. ರೇಡಿಯೇಟರ್ ಇಲ್ಲ. ಫ್ಯಾನ್ ಬೀಸುವ ಗಾಳಿಯೇ ಸಿಲಿಂಡರ್ ರೆಕ್ಕೆಗಳ ಮೇಲೆ ಹರಿದು ಇಂಜಿನ್ ತಣ್ಣಗಾಗುತ್ತೆ. ಚಳಿ ದೇಶದಲ್ಲಿ ರಾತ್ರಿ ಹೊರಗೆ ನಿಲ್ಲಿಸಿದರೆ ಬೇರೆ ಕಾರುಗಳ ರೇಡಿಯೇಟರ್ ನೀರು ಹೆಪ್ಪುಗಟ್ಟಿ ಒಡೆಯುತ್ತಿತ್ತು. ಬಿಸಿಲು ದೇಶದ ಏರಿನಲ್ಲಿ ಕುದಿಯುತ್ತಿತ್ತು. ಇದಕ್ಕೆ ಎರಡೂ ಕಾಟ ಇಲ್ಲ. ಇಂಜಿನ್ ಭಾರ ಹಿಂದಿನ ಚಕ್ರಗಳ ಮೇಲೆ ಕೂತಿರೋದರಿಂದ ಹಿಮದಲ್ಲಿ, ಕೆಸರಿನಲ್ಲಿ ಚಕ್ರ ಸುಮ್ನೆ ತಿರುಗದೆ ಗಾಡಿ ಮುಂದೆ ಹೋಗುತ್ತೆ. ನಾಲ್ಕು ದೊಡ್ಡ ಬೋಲ್ಟ್ ಬಿಚ್ಚಿದರೆ ಇಂಜಿನ್ ಕೆಳಗೆ ಬರುತ್ತೆ. ಮನೆ ಮುಂದೆಯೇ ಇಂಜಿನ್ ಇಳಿಸಿ ಮತ್ತೆ ಏರಿಸಿದವರು ಲೆಕ್ಕವಿಲ್ಲ.

ಪೆಟ್ರೋಲ್ ಎಷ್ಟಿದೆ ಎಂದು ತೋರಿಸುವ ಮುಳ್ಳು ಬಹಳ ವರ್ಷ ಇರಲಿಲ್ಲ. ಗಾಡಿ ಜರ್ಕ್ ಹೊಡೆಯಲು ಶುರು ಮಾಡಿದರೆ ಕಾಲಿನ ಹತ್ತಿರ ಇದ್ದ ಲಿವರ್ ತಿರುಗಿಸಬೇಕು. ಆಗ ರಿಸರ್ವ್ ಪೆಟ್ರೋಲ್ ಹರಿಯುತ್ತೆ. ನಮ್ಮ ಹಳೆಯ ಸ್ಕೂಟರ್‌ಗಳಲ್ಲಿ ಇತ್ತಲ್ಲ, ಅದೇ ಉಪಾಯ. 1960ರ ದಶಕದ ಗಾಡಿಗಳಲ್ಲಿ ಮುಂದಿನ ಗಾಜಿಗೆ ನೀರು ಚಿಮ್ಮಿಸಲು ಸ್ಟೆಪ್ನಿಯ ಗಾಳಿಯನ್ನೇ ಬಳಸುತ್ತಿದ್ದರು. ಪಂಪು ಬೇಡ, ಖರ್ಚಿಲ್ಲ. ಬಾಗಿಲು, ಕಿಟಕಿ ಎಷ್ಟು ಗಟ್ಟಿಯಾಗಿ ಕೂರುತ್ತಿದ್ದವು ಅಂದರೆ ಕೊನೆಯ ಬಾಗಿಲು ಹಾಕಲು ಒಂದು ಕಿಟಕಿ ಸ್ವಲ್ಪ ಇಳಿಸಬೇಕಿತ್ತು. ಒಳಗಿನ ಗಾಳಿಗೆ ಹೋಗಲು ದಾರಿ ಬೇಕಲ್ಲ.

ದೂರುಗಳೂ ಇದ್ದವು. ಚಳಿಗಾಲದಲ್ಲಿ ಹೀಟರ್ ಸಾಲದು. ಇಂಜಿನ್ ಸದ್ದು ಜಾಸ್ತಿ. ಸಾಮಾನು ಇಡಲು ಜಾಗ ಕಡಿಮೆ. ಬದಿಯಿಂದ ಜೋರು ಗಾಳಿ ಬೀಸಿದರೆ ಗಾಡಿ ಎಳೆದಾಡುತ್ತೆ, ಸ್ಟೀರಿಂಗ್ ಬಿಗಿಯಾಗಿ ಹಿಡಿಯಬೇಕು. ಮೊದಲ ಗಾಡಿಗಳಿಗೆ ಇದ್ದದ್ದು ಕೇಬಲ್ ಬ್ರೇಕು. ಆದರೂ ಜನ ಬಿಡಲಿಲ್ಲ. ಕಂಪನಿ ಒಂದು ಲಕ್ಷ ಕಿಲೋಮೀಟರ್ ಓಡಿಸಿದವರಿಗೆ ಗೌರವದ ಬಿಲ್ಲೆ ಕೊಡುತ್ತಿತ್ತು. ಆ ಬಿಲ್ಲೆಯನ್ನು ಡ್ಯಾಶ್‌ಬೋರ್ಡ್ ಮೇಲೆ ಕೂರಿಸಿದ ಹಳೆಯ ಕಾರು ಇವತ್ತಿಗೂ ಕಾಣಸಿಗುತ್ತೆ. ಒಬ್ಬ ಗುಮಾಸ್ತನಿಗೋ ಟೀಚರಿಗೋ ತನ್ನ ಕಾರು ಓಡಿದ್ದಕ್ಕೆ ಕಂಪನಿಯಿಂದ ಒಂದು ಬಿಲ್ಲೆ. ಆ ಖುಷಿ ನನಗೆ ಅರ್ಥವಾಗುತ್ತೆ.

1955ರ ಆಗಸ್ಟ್ 5ಕ್ಕೆ ಹತ್ತು ಲಕ್ಷದ ಕಾರು ಹೊರಗೆ ಬಂತು. ವೋಲ್ಫ್ಸ್‌ಬುರ್ಗ್‌ನಲ್ಲಿ ದೊಡ್ಡ ಹಬ್ಬ ಮಾಡಿದರು. ಅದೇ ಹೊತ್ತಿಗೆ, ಆ ಸ್ಟಾಂಪು ಅಂಟಿಸಿದವರು ಕೋರ್ಟಿನಲ್ಲಿದ್ದರು. 1948ರಲ್ಲೇ ಸಂಘ ಕಟ್ಟಿಕೊಂಡು ಕೇಸು ಹಾಕಿದ್ದರು. ನೀವು ದುಡ್ಡು ಕೊಟ್ಟಿದ್ದು ನಾಜಿ ಸಂಘಟನೆಗೆ, ನಮಗಲ್ಲ ಎಂಬುದು ಕಂಪನಿಯ ವಾದ. ಆದರೆ ಜನ ಕಣ್ಣೆದುರಿಗೆ ನೋಡುತ್ತಿದ್ದದ್ದು ಅದೇ ಕಾರ್ಖಾನೆ, ಅದೇ ಕಾರು. 1961ರಲ್ಲಿ ರಾಜಿ ಆಯಿತು. ಪೂರ್ತಿ ಕಟ್ಟಿದವರಿಗೆ ಹೊಸ ಕಾರಿನ ಬೆಲೆಯಲ್ಲಿ 600 ಮಾರ್ಕ್ ಕಡಿತ. ಇಲ್ಲವೇ ಕೈಗೆ 100 ಮಾರ್ಕ್. ಮೊದಲ ಸ್ಟಾಂಪು ಅಂಟಿಸಿದವರಿಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಆಗಿತ್ತು. ಆಗ ಹುಟ್ಟಿದ ಮಗು ಈಗ ಲೈಸೆನ್ಸ್ ತೆಗೆಯುವ ವಯಸ್ಸಿಗೆ ಬಂದಿತ್ತು. ನನಗೆ ಆ ನೂರು ಮಾರ್ಕ್ ನೆನೆದರೆ ಬೇಜಾರಾಗುತ್ತೆ.

ಅಮೆರಿಕದ ಕಥೆ ಬೇರೆ ಥರ. 1959ರಲ್ಲಿ ನ್ಯೂಯಾರ್ಕಿನ ಡಿಡಿಬಿ ಎಂಬ ಜಾಹೀರಾತು ಏಜೆನ್ಸಿ ಕೆಲಸ ವಹಿಸಿಕೊಂಡಿತು. ಅದರ ಮುಂದಾಳು ಬಿಲ್ ಬರ್ನ್‌ಬಾಕ್ ಯಹೂದಿ. ಹಿಟ್ಲರ್‌ನ ಕಾಲದಲ್ಲಿ ಹುಟ್ಟಿದ ಕಾರನ್ನು ಅವರೇ ಮಾರಬೇಕು, ಯುದ್ಧ ಮುಗಿದು ಹದಿನಾಲ್ಕೇ ವರ್ಷಕ್ಕೆ. ಸುಲಭದ ಮಾತಲ್ಲ. ಅವರು ಹಿಡಿದ ದಾರಿ ಸತ್ಯ ಹೇಳುವುದು. ಕಾರು ಸಣ್ಣದು, ಹೌದು ಸಣ್ಣದು. ಪುಟದ ತುಂಬಾ ಖಾಲಿ ಜಾಗ, ಮೂಲೆಯಲ್ಲಿ ಪುಟ್ಟ ಕಾರು. ಇನ್ನೊಂದು ಜಾಹೀರಾತಿನಲ್ಲಿ ಕಾರಿನ ಚಿತ್ರದ ಕೆಳಗೆ ಕೆಟ್ಟ ಗಾಡಿ ಎಂಬ ಅರ್ಥದ ಒಂದೇ ಪದ. ಓದಿದರೆ ಗೊತ್ತಾಗುತ್ತೆ, ಡ್ಯಾಶ್‌ಬೋರ್ಡ್ ಖಾನೆಯ ಕ್ರೋಮ್ ಪಟ್ಟಿಯಲ್ಲಿ ಸಣ್ಣ ಕಲೆ ಇತ್ತು ಎಂದು ಇನ್‌ಸ್ಪೆಕ್ಟರ್ ಆ ಕಾರನ್ನು ತಿರಸ್ಕರಿಸಿದ್ದಾನೆ. ಕೊಳ್ಳುವವನನ್ನು ಬುದ್ಧಿವಂತ ಎಂದು ನಂಬಿ ಮಾತಾಡಿದ ಜಾಹೀರಾತು ಅದು.

ಹೆಸರುಗಳು ಎಷ್ಟು ಚೆನ್ನಾಗಿವೆ ನೋಡಿ. ಕಂಪನಿ ಇಟ್ಟ ಹೆಸರು ಬರೀ ಟೈಪ್ 1. ಜನ ಅದನ್ನು ಜೀರುಂಡೆ ಎಂದರು. ಬೀಟಲ್ ಅಂದರೂ, ಜರ್ಮನಿಯ ಕೇಫರ್ ಅಂದರೂ ಅದೇ. ಫ್ರೆಂಚರಿಗೆ ಅದು ಚುಕ್ಕೆ ಇರುವ ಕೆಂಪು ಗುಲಗಂಜಿ ಹುಳ. ಟರ್ಕಿಯಲ್ಲಿ ಆಮೆ. ಇಂಡೊನೇಷ್ಯಾದಲ್ಲಿ ಕಪ್ಪೆ. ಬ್ರೆಜಿಲ್‌ನಲ್ಲಿ ಫುಸ್ಕಾ, ಮೆಕ್ಸಿಕೊದಲ್ಲಿ ವೋಚೊ. ಮುದ್ದಿನ ಹೆಸರು ಇಡೋದು ಮನೆಯವರಿಗೆ ಮಾತ್ರ ಅಲ್ವಾ?

ಮೆಕ್ಸಿಕೊ ನಗರದಲ್ಲಿ ಒಂದು ಕಾಲಕ್ಕೆ ಹಸಿರು ಬಿಳಿ ಬಣ್ಣದ ವೋಚೊಗಳೇ ಟ್ಯಾಕ್ಸಿ ಆಗಿದ್ದವು. ಎರಡೇ ಬಾಗಿಲಿನ ಕಾರು, ಹಿಂದಿನ ಸೀಟಿಗೆ ಹೋಗೋದು ಕಷ್ಟ. ಡ್ರೈವರುಗಳು ಮುಂದಿನ ಎಡಗಡೆ ಸೀಟನ್ನು... ತಪ್ಪು ಹೇಳಿದೆ, ಅಲ್ಲಿ ಡ್ರೈವರ್ ಎಡಕ್ಕೆ ಕೂರುತ್ತಾನೆ. ಬಲಗಡೆ ಸೀಟನ್ನೇ ಕಿತ್ತು ಹಾಕಿದರು. ಹತ್ತಲು ಜಾಗ ಆಯಿತು, ಸಾಮಾನು ಇಡಲೂ ಆಯಿತು. ಉರುಗ್ವೆಯ ಅಧ್ಯಕ್ಷರಾಗಿದ್ದ ಹೊಸೆ ಮುಹಿಕಾ ಅವರ ಬಳಿ 1987ರ ಆಕಾಶನೀಲಿ ಬೀಟಲ್ ಇತ್ತು. ಅಧ್ಯಕ್ಷರಾದಾಗ ಆಸ್ತಿ ಘೋಷಣೆಯಲ್ಲಿ ತೋರಿಸಿದ್ದು ಆ ಕಾರನ್ನೇ. 2014ರಲ್ಲಿ ಅದಕ್ಕೆ ಹತ್ತು ಲಕ್ಷ ಡಾಲರ್ ಕೊಡುತ್ತೇವೆ ಎಂದು ಬಂದವರಿದ್ದರು. ಅವರು ಮಾರಲಿಲ್ಲ.

1972ರ ಫೆಬ್ರವರಿ 17ರಂದು 1,50,07,034ನೇ ಬೀಟಲ್ ಹೊರಬಂತು. ಅತಿ ಹೆಚ್ಚು ತಯಾರಾದ ಕಾರು ಎಂಬ ಫೋರ್ಡ್ ಮಾಡೆಲ್ ಟಿ ದಾಖಲೆ ಮುರಿಯಿತು. ಆದರೆ ಕಂಪನಿ ಆ ಹೊತ್ತಿಗೆ ಕಷ್ಟಕ್ಕೆ ಇಳಿಯುತ್ತಿತ್ತು. ಒಂದೇ ಕಾರನ್ನು ನಂಬಿ ಕೂತಿದ್ದರ ಫಲ. 1974ರಲ್ಲಿ ಗಾಲ್ಫ್ ಎಂಬ ಹೊಸ ಕಾರು ಬಂತು. ಇಟಲಿಯ ಜುಜಾರೊ ಅವರ ವಿನ್ಯಾಸ. ಇಂಜಿನ್ ಮುಂದೆ, ಅದಕ್ಕೆ ನೀರಿನ ತಂಪು, ಮುಂದಿನ ಚಕ್ರಕ್ಕೆ ಶಕ್ತಿ. ಬೀಟಲ್‌ಗೆ ಪೂರ್ತಿ ತಿರುಗುಮುರುಗು. ಅದೇ ವರ್ಷ ಜುಲೈ 1ಕ್ಕೆ ವೋಲ್ಫ್ಸ್‌ಬುರ್ಗ್‌ನ ಕೊನೆಯ ಬೀಟಲ್. ಮೆಕ್ಸಿಕೊದ ಪುವೆಬ್ಲಾದಲ್ಲಿ ಮಾತ್ರ 2003ರ ಜುಲೈ 30ರವರೆಗೂ ಮಾಡುತ್ತಿದ್ದರು. ಒಟ್ಟು 2,15,29,464. ಗಾಲ್ಫ್ ಬಗ್ಗೆಯೇ ಒಂದು ಸಂಜೆ ಮಾತಾಡಬಹುದು, ಇವತ್ತು ಬೇಡ.

2015ಕ್ಕೆ ಬರುತ್ತೇನೆ. ಡೀಸೆಲ್ ಇಂಜಿನ್ ಹೊಗೆಯಲ್ಲಿ ನೈಟ್ರೊಜನ್ ಆಕ್ಸೈಡ್‌ಗಳು ಇರುತ್ತವೆ. ಉಸಿರಾಟಕ್ಕೆ ಕೆಟ್ಟದ್ದು. ಅಮೆರಿಕದಲ್ಲಿ ಇದರ ಮಿತಿ ಬಹಳ ಬಿಗಿ. ಫೋಕ್ಸ್‌ವ್ಯಾಗನ್ ತನ್ನ ಡೀಸೆಲ್ ಶುದ್ಧ ಎಂದು ಜಾಹೀರಾತು ಮಾಡಿ ಮಾರುತ್ತಿತ್ತು. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಸಣ್ಣ ತಂಡ ಅಳೆಯುವ ಯಂತ್ರವನ್ನು ಕಾರಿನ ಹಿಂದೆ ಕಟ್ಟಿಕೊಂಡು ನಿಜವಾದ ರಸ್ತೆಯಲ್ಲಿ ಓಡಿಸಿತು. ಫೋಕ್ಸ್‌ವ್ಯಾಗನ್‌ನದೇ ಒಂದು ಜೆಟ್ಟಾ ಕಾರಿನಲ್ಲಿ ಈ ಆಕ್ಸೈಡ್‌ಗಳು ಮಿತಿಗಿಂತ 15ರಿಂದ 35 ಪಟ್ಟು ಜಾಸ್ತಿ. ಅದೇ ಕಾರು ಲ್ಯಾಬಿನಲ್ಲಿ ಪಾಸು.

ಹೇಗೆ? ಟೆಸ್ಟ್ ಮಾಡುವಾಗ ಕಾರು ರೋಲರ್ ಮೇಲೆ ನಿಂತಿರುತ್ತೆ. ಚಕ್ರ ತಿರುಗುತ್ತೆ, ಸ್ಟೀರಿಂಗ್ ತಿರುಗೋದಿಲ್ಲ. ಇಂಥ ಗುರುತುಗಳನ್ನು ಹಿಡಿದು, ಈಗ ಟೆಸ್ಟ್ ನಡೀತಿದೆ ಎಂದು ಕಾರಿನ ಸಾಫ್ಟ್‌ವೇರ್ ತಿಳಿಯುತ್ತಿತ್ತು. ಆಗ ಮಾತ್ರ ಹೊಗೆ ಶುದ್ಧ ಮಾಡುವ ಕೆಲಸ ಪೂರ್ತಿ ನಡೆಯುತ್ತಿತ್ತು. ರಸ್ತೆಗೆ ಇಳಿದರೆ ಸಡಿಲ. ಇನ್‌ಸ್ಪೆಕ್ಷನ್ ದಿನ ಮಾತ್ರ ಶಾಲೆ ಗುಡಿಸಿ ಇಟ್ಟಂತೆ. ಸೆಪ್ಟೆಂಬರ್ 18ಕ್ಕೆ ಅಮೆರಿಕದ ಪರಿಸರ ಸಂಸ್ಥೆ ನೋಟಿಸ್ ಕೊಟ್ಟಿತು. ಐದು ದಿನಕ್ಕೆ ಮುಖ್ಯಸ್ಥ ಮಾರ್ಟಿನ್ ವಿಂಟರ್‌ಕಾರ್ನ್ ರಾಜೀನಾಮೆ ಕೊಟ್ಟರು. ಜಗತ್ತಿನಲ್ಲಿ ಒಟ್ಟು 1 ಕೋಟಿ 10 ಲಕ್ಷ ಕಾರುಗಳಲ್ಲಿ ಆ ಸಾಫ್ಟ್‌ವೇರ್ ಇತ್ತು.

ನಾನು ಇಂಜಿನ್ ಪಾಠ ಮಾಡಿದವನು. ಆ ಸುದ್ದಿ ಓದಿದ ದಿನ ನನಗೆ ಬೇರೆ ಕೆಲಸ ಮಾಡಲು ಆಗಲಿಲ್ಲ. ಆ ಕಾರು ಕೊಂಡವರಲ್ಲಿ ಎಷ್ಟೋ ಜನ ಪರಿಸರದ ಕಾಳಜಿಯಿಂದಲೇ ಕೊಂಡವರು. ಜಾಸ್ತಿ ದುಡ್ಡು ಕೊಟ್ಟವರು. ಸ್ಟಾಂಪು ಅಂಟಿಸಿದವರಿಗೆ ಕಾರು ಬರಲಿಲ್ಲ. ಇವರಿಗೆ ಕಾರು ಬಂತು, ಹೇಳಿದ ಗುಣ ಬರಲಿಲ್ಲ. ಅಮೆರಿಕದಲ್ಲಿ ಕಂಪನಿ ಲಕ್ಷಗಟ್ಟಲೆ ಕಾರುಗಳನ್ನು ವಾಪಸ್ ಕೊಂಡುಕೊಂಡಿತು. ಮಿಶಿಗನ್‌ನ ಒಂದು ಹಳೆಯ ಸ್ಟೇಡಿಯಂ ಸುತ್ತ ಅವನ್ನು ಸಾಲಾಗಿ ನಿಲ್ಲಿಸಿದ್ದ ಫೋಟೋ ನೀವೂ ನೋಡಿರಬಹುದು.

ನಮ್ಮ ದೇಶದಲ್ಲಿ 3,23,700 ಕಾರುಗಳನ್ನು ಸಾಫ್ಟ್‌ವೇರ್ ತಿದ್ದಲು ಕರೆಸುತ್ತೇವೆ ಎಂದು 2015ರ ಡಿಸೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಗುಂಪು ಹೇಳಿತು. ಸ್ಕೋಡಾ, ಆಡಿ ಎಲ್ಲ ಸೇರಿ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿ ದಂಡ ಹಾಕಿತು. ಸುಪ್ರೀಂ ಕೋರ್ಟ್ ಸದ್ಯಕ್ಕೆ ಬಲವಂತದ ಕ್ರಮ ಬೇಡ ಎಂದಿತು.

ಭಾರತದ ಮಾತು ಬಂತಲ್ಲ, ಪೋಲೋಗೆ ಬರೋಣ. ಪುಣೆ ಪಕ್ಕದ ಚಾಕಣ್‌ನಲ್ಲಿ 2009ರಲ್ಲಿ ಕಾರ್ಖಾನೆ ತೆರೆಯಿತು. 2010ರಲ್ಲಿ ಪೋಲೋ ಬಂತು, ಹಿಂದೆಯೇ ವೆಂಟೊ. ವೆಂಟೊ ಬಂದಾಗ ಇಂಗ್ಲಿಷ್ ಪೇಪರ್ ಬಿಡಿಸಿದರೆ ಅದರೊಳಗಿಂದ ಧ್ವನಿ ಬರುತ್ತಿತ್ತು, ನೆನಪಿದೆಯಾ? ಪೇಪರಿಗೆ ಸಣ್ಣ ಚಿಪ್ ಅಂಟಿಸಿದ್ದರು.

ನಾನು 2011ರಲ್ಲಿ ಪೆಟ್ರೋಲ್ ಪೋಲೋ ತಗೊಂಡೆ. ಮೊದಲ ದಿನ ಬಾಗಿಲು ಹಾಕಿದಾಗ ನನ್ನ ಹೆಂಡತಿ ಇನ್ನೊಂದು ಸಲ ತೆಗೆದು ಹಾಕಿ ನೋಡಿದಳು. ತಗಡಿನ ಸದ್ದಲ್ಲ, ಧಪ್ ಎನ್ನುವ ಗಟ್ಟಿ ಸದ್ದು. ಪೋಲೋ ಇರುವ ಯಾರನ್ನು ಕೇಳಿದರೂ ಮೊದಲು ಹೇಳೋದು ಆ ಬಾಗಿಲಿನ ಸದ್ದನ್ನೇ. ಎರಡನೆಯದು ರಸ್ತೆ ಹಿಡಿತ. ಹುಬ್ಬಳ್ಳಿ ದಾಟಿ ಪುಣೆ ರಸ್ತೆಯಲ್ಲಿ ಹೋಗುವಾಗ ನೂರರ ವೇಗ ನೂರು ಅನಿಸೋದಿಲ್ಲ. ಪಕ್ಕದಲ್ಲಿ ಲಾರಿ ಹೋದರೂ ಗಾಡಿ ಅಲುಗಾಡೋದಿಲ್ಲ. ಶಿರಾಡಿ ಘಾಟಿನ ತಿರುವಿನಲ್ಲಿ ಸ್ಟೀರಿಂಗ್ ಹೇಳಿದಂತೆ ಕೇಳುತ್ತೆ. ಹಿಂದಿನ ಸೀಟು ಸ್ವಲ್ಪ ಇಕ್ಕಟ್ಟು, ಉದ್ದ ಕಾಲಿನವರಿಗೆ ಮೊಣಕಾಲು ಮುಂದಿನ ಸೀಟಿಗೆ ತಾಗುತ್ತೆ. ಮೂರು ಸಿಲಿಂಡರ್ ಪೆಟ್ರೋಲ್ ಇಂಜಿನ್ ಓಟದ ಕುದುರೆ ಅಲ್ಲ. 2013ರಲ್ಲಿ ಬಂದ ಪೋಲೋ ಜಿಟಿ ಟಿಎಸ್‌ಐ ಓಡಿಸಿದ ಹುಡುಗರ ಕಣ್ಣಿನ ಹೊಳಪು ಬೇರೆ. ಸಣ್ಣ ಟರ್ಬೊ ಇಂಜಿನ್, ತಾನೇ ಗೇರ್ ಬದಲಿಸುವ ಏಳು ಗೇರಿನ ಡಿಎಸ್‌ಜಿ. ಓಡಿಸಲು ತುಂಬಾ ಖುಷಿ. ಆದರೆ ಎರಡು ಕ್ಲಚ್ ಇರುವ ಆ ಗೇರ್‌ಬಾಕ್ಸ್ ನಿಂತು ನಿಂತು ಹೋಗುವ ಟ್ರಾಫಿಕ್ಕಿಗೆ ಒಗ್ಗಿದ್ದಲ್ಲ. 2013ರಲ್ಲಿ ಚೀನಾದಲ್ಲಿ ಡಿಎಸ್‌ಜಿ ತೊಂದರೆಗೆ ಸುಮಾರು 3,84,000 ಕಾರುಗಳನ್ನು ವಾಪಸ್ ಕರೆಸಬೇಕಾಯಿತು.

ಇನ್ನೊಂದು ಮುಖ್ಯ ಸಂಗತಿ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಸಿಎಪಿ ಎಂಬ ಕಾರು ಸುರಕ್ಷತೆಯ ಸಂಸ್ಥೆ ಭಾರತದ ಕಾರುಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿತು. ಏರ್‌ಬ್ಯಾಗ್ ಇಲ್ಲದ ಪೋಲೋಗೆ ಸೊನ್ನೆ ಸ್ಟಾರ್. ಎರಡು ಏರ್‌ಬ್ಯಾಗ್ ಇರುವ ಪೋಲೋಗೆ ನಾಲ್ಕು ಸ್ಟಾರ್. ಬಾಡಿ ಅದೇ, ಆ ಗಟ್ಟಿ ಬಾಗಿಲೂ ಅದೇ. ಕಂಪನಿ ಏರ್‌ಬ್ಯಾಗ್ ಇಲ್ಲದ ಪೋಲೋ ಮಾರೋದನ್ನೇ ನಿಲ್ಲಿಸಿತು. ನನಗೆ ಆ ನಿರ್ಧಾರದ ಮೇಲೆ ತುಂಬಾ ಗೌರವ ಇದೆ. ಕಾನೂನು ಕಡ್ಡಾಯ ಮಾಡುವ ಮೊದಲೇ ಮಾಡಿದರು.

2022ರಲ್ಲಿ ಪೋಲೋ ನಿಂತಿತು. ಈಗ ಟೈಗುನ್, ವರ್ಟಸ್ ಬರುತ್ತಿವೆ. ಎರಡಕ್ಕೂ ಅದೇ ಪರೀಕ್ಷೆಯಲ್ಲಿ ಐದು ಸ್ಟಾರ್.

ವೋಲ್ಫ್ಸ್‌ಬುರ್ಗ್‌ನಲ್ಲಿ ನಾನು ನೋಡಿದ ಒಂದು ದೃಶ್ಯ ಹೇಳುತ್ತೇನೆ. ರೈಲಿನಿಂದ ಇಳಿದರೆ ಕಾಲುವೆಯ ಆಚೆ ವಿದ್ಯುತ್ ಮನೆಯ ನಾಲ್ಕು ಚಿಮಣಿ. 1938ರ ಕಟ್ಟಡದ್ದೇ. ಪಕ್ಕದಲ್ಲಿ 48 ಮೀಟರ್ ಎತ್ತರದ ಎರಡು ಗಾಜಿನ ಗೋಪುರ, ಒಂದೊಂದರಲ್ಲೂ 400 ಹೊಸ ಕಾರು. ಕೊಂಡವರು ಅಲ್ಲಿಗೇ ಬಂದು ತಮ್ಮ ಕಾರು ತಗೊಂಡು ಹೋಗಬಹುದು. ವಯಸ್ಸಾದ ಗಂಡ ಹೆಂಡತಿ ಕಾಯುತ್ತಾ ಕೂತಿದ್ದರು. ಅವರ ಹೆಸರು ಬೋರ್ಡಿನ ಮೇಲೆ ಬಂತು. ಕಾರು ಬಂತು. ಆ ಅಜ್ಜ ಕೀ ತಗೊಂಡು, ಕಾರಿನ ಸುತ್ತ ಒಂದು ಸುತ್ತು ಬಂದು, ಬಾನೆಟ್ ಮೇಲೆ ಸುಮ್ನೆ ಕೈ ಇಟ್ಟು ನಿಂತರು. ನಾಲ್ಕು ಚಿಮಣಿ ಅವರ ಬೆನ್ನ ಹಿಂದೆ ಇದ್ದವು.

ಮಾತು ಮುಗಿದಮೇಲೆ ಪ್ರಶ್ನೆಗಳಿಗೆ ಅರ್ಧ ಗಂಟೆ ಕೂತೆವು. ಒಬ್ಬ ಹುಡುಗಿ ಎದ್ದು ಕೇಳಿದಳು: "ಸರ್, ಮೊದಲ ಕೆಲಸ ಸಿಕ್ಕಿದೆ. ಅಪ್ಪ ಅಮ್ಮನ್ನ ಕೂರಿಸಿಕೊಂಡು ಓಡಾಡೋಕೆ ಹಳೇ ಪೋಲೋ ತಗೋಬಹುದಾ?"

ತಗೋ ಅಮ್ಮಾ ಎಂದೆ. ಸರ್ವೀಸ್ ಬಿಲ್ಲುಗಳನ್ನೆಲ್ಲ ಕೇಳು. ಬಿಲ್ಲು ಇಲ್ಲದ ಗಾಡಿಯ ಮೀಟರ್ ನಂಬಬೇಡ. ಡೀಸೆಲ್ ಆದರೆ ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದಾರೆ ಎಂದು ಬರಹದಲ್ಲಿ ತೋರಿಸಲಿ. ಡಿಎಸ್‌ಜಿ ಆದರೆ ಬೆಳಿಗ್ಗೆ ತಣ್ಣಗಿರುವಾಗಲೂ ಓಡಿಸು, ಒಂದು ಗಂಟೆ ಟ್ರಾಫಿಕ್ಕಿನಲ್ಲಿ ಬಿಸಿಯಾದಮೇಲೂ ಓಡಿಸು. ಗೇರ್ ಬದಲಾಗುವಾಗ ಜರ್ಕ್ ಇದ್ದರೆ ಬಿಟ್ಟು ಬಾ. ನಿನ್ನ ನಂಬಿಕೆಯ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರಕೊಂಡು ಹೋಗು, ಮಾರುವವರು ಹೇಳಿದವರನ್ನಲ್ಲ.

ಇದೆಲ್ಲ ನೋಡುವ ಮೊದಲು ಡ್ರೈವರ್ ಸೀಟಿನಲ್ಲಿ ಕೂತು ಸ್ಟೀರಿಂಗ್ ನೋಡು. ಪಕ್ಕದ ಸೀಟಿನ ಮುಂದೆ ಡ್ಯಾಶ್‌ಬೋರ್ಡ್ ನೋಡು. ಎರಡು ಕಡೆಯೂ ಏರ್‌ಬ್ಯಾಗ್ ಎಂದು ಬರೆದಿರಬೇಕು. 2014ಕ್ಕಿಂತ ಹಿಂದಿನ ಕೆಲವು ಮಾಡೆಲ್‌ಗಳಲ್ಲಿ ಇರೋದಿಲ್ಲ. ಇಲ್ಲದಿದ್ದರೆ ಬೆಲೆ ಎಷ್ಟೇ ಕಡಿಮೆ ಹೇಳಲಿ, ಎದ್ದು ಬಾ.